ಹಳೆ ಕಾರು ಮನೆಯಲ್ಲೇ ರಿಪೇರಿ: ಮೊದಲು ನೀರಿನ ದಾರಿ ಹುಡುಕಿ

"ಅಪ್ಪನ ಕಾಲದ ಕಾರೊಂದು ಶೆಡ್ಡಿನಲ್ಲಿ ನಿಂತಿದೆ. ಸರಿ ಮಾಡ್ಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡುವುದು?" ಉಡುಪಿ, ಕಾರ್ಕಳ ಕಡೆಯ ತೋಟದ ಮನೆಗಳಲ್ಲಿ ಈ ಪ್ರಶ್ನೆ ಆಗಾಗ ಕೇಳಿಬರುತ್ತದೆ. ಹೆಚ್ಚಿನವರು ಹೊಸ ಬ್ಯಾಟರಿ ತಂದು ಸೆಲ್ಫ್ ಹೊಡೆಯುವುದರಿಂದ ಶುರು ಮಾಡ್ತಾರೆ. ಎಂಜಿನ್ ಗುರ್ ಅಂದರೆ ಅರ್ಧ ಕೆಲಸ ಮುಗಿಯಿತು ಎಂಬ ಲೆಕ್ಕ. ಆಮೇಲೆ ಪೈಂಟು. ಎರಡು ಮಳೆಗಾಲ ಕಳೆಯುವಾಗ ಪೈಂಟಿನಡಿಯಿಂದ ಗುಳ್ಳೆ ಎದ್ದು ಬರುತ್ತದೆ, ಕಾಲಡಿಯ ತಗಡು ಕುಸಿಯುತ್ತದೆ. ಕಾರು ಪುನಃ ಶೆಡ್ಡಿಗೆ.

ವರ್ಷಕ್ಕೆ 4,000 ಮಿ.ಮೀ. ಮೀರಿ ಮಳೆ ಸುರಿಯುವ ನಮ್ಮ ಊರುಗಳಲ್ಲಿ ಎಂಜಿನ್ ಕೊನೆಯ ಚಿಂತೆ. ಅದರ ಎರಕ ದಪ್ಪ, ಒಳಗೆ ಎಣ್ಣೆ ಉಂಟು, ಬಿಚ್ಚಿ ಕಟ್ಟುವ ಮೆಕ್ಯಾನಿಕ್ ಇವತ್ತಿಗೂ ಸಿಗ್ತಾರೆ. ತಗಡು ಮಾತ್ರ ಒಂದು ಮಿಲಿಮೀಟರಿಗಿಂತ ತೆಳು. ಹಾಗಾಗಿ ಮೊದಲ ದಿನ ಬೇಕಾದ್ದು ಒಂದು ಸಣ್ಣ ಸುತ್ತಿಗೆ, ಒಂದು ಟಾರ್ಚು, ಒಂದು ಹಳೆ ಸ್ಕ್ರೂಡ್ರೈವರು. ಇಷ್ಟು ಹಿಡಿದುಕೊಂಡು ನೀರು ಎಲ್ಲಿ ಒಳಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೊರಗೆ ಹೋಗಬೇಕಿತ್ತು ಎಂದು ನೋಡಬೇಕು. ಮಳೆಗಾಲಕ್ಕೆ ಮುಂಚೆ ಹಂಚಿನ ಮಾಡು ಕೈಯಾಡಿಸುವವರಿಗೆ ಇದು ಹೊಸ ವಿದ್ಯೆಯೇನಲ್ಲ. ಚಾವಡಿಯಲ್ಲಿ ನೀರು ತೊಟ್ಟಿಕ್ಕುವ ಜಾಗ ಒಂದು, ಹಂಚು ಒಡೆದ ಜಾಗ ಇನ್ನೊಂದು ಎಂದು ನಮಗೆಲ್ಲ ಗೊತ್ತು.

ಎರಡು ಊರು, ಎರಡು ಫಿಯೆಟ್

ಇಲ್ಲಿ ಬರೆಯುವುದು ಎರಡು ಪ್ರೀಮಿಯರ್ ಪದ್ಮಿನಿ ಕಾರುಗಳ ಅನುಭವದಿಂದ. ಒಂದು ಬೆಳ್ಮಣ್ ಹತ್ತಿರದ ನಮ್ಮ ಮನೆಯದ್ದು. ಇನ್ನೊಂದು ಕಾಪುವಿನಲ್ಲಿ ಅತ್ತೆಯ ಮನೆಯದ್ದು. ಎರಡೂ ಹೆಚ್ಚು ಕಡಿಮೆ ಒಂದೇ ಪ್ರಾಯದವು, ಎರಡೂ ಒಂಬತ್ತು ಹತ್ತು ವರ್ಷ ನಿಂತಲ್ಲೇ ನಿಂತವು.

ಈ ಕಾರಿನ ವಿಷಯ ಗೊತ್ತಿಲ್ಲದ ಎಳೆಯರಿಗಾಗಿ ಎರಡು ಮಾತು. ಮುಂಬೈಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆ 1964ರಿಂದ ಫಿಯೆಟ್ 1100 ಡಿಲೈಟ್ ಎಂಬ ಇಟಲಿ ಮಾದರಿಯ ಕಾರು ಮಾಡಿತು. 1974ರಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂತು. 2000ದ ಸುಮಾರಿಗೆ ತಯಾರಿ ನಿಂತಿತು. ಹೆಸರು ಏನೇ ಇರಲಿ, ನಮ್ಮವರ ಬಾಯಲ್ಲಿ ಅದು ಕೊನೆವರೆಗೂ ಫಿಯೆಟ್ಟೇ. 1089 ಸಿಸಿಯ ಎಂಜಿನ್, ಸ್ಟೇರಿಂಗಿನ ಬದಿಯಲ್ಲಿ ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಹಿಂದೆ ಪಟ್ಟಿ ಸ್ಪ್ರಿಂಗು. ಬೊಂಬಾಯಿಯ ಹೋಟೆಲಿನಲ್ಲಿ ದುಡಿದು ಊರಿಗೆ ಬಂದ ಕರಾವಳಿಯ ಎಷ್ಟೋ ಮಂದಿ ಮೊದಲು ಕೊಂಡ ಕಾರು ಇದು.

ಒಂದು ಮುಖ್ಯ ಸಂಗತಿ ಉಂಟು. ಜೀಪಿಗೆ ಅಡಿಯಲ್ಲಿ ದಪ್ಪ ಚಾಸಿಸ್ ಬೇರೆ, ಮೇಲಿನ ಬಾಡಿ ಬೇರೆ. ಜೀಪಿನ ನೆಲದ ತಗಡು ಪೂರ್ತಿ ಹೋದರೂ ಹಲಗೆ ಹಾಕಿ ಓಡಿಸಿದವರಿದ್ದಾರೆ. ಫಿಯೆಟ್ಟಿಗೆ ಬೇರೆ ಚಾಸಿಸ್ ಇಲ್ಲ. ಬಾಗಿಲಿನ ಕೆಳಗೆ ಉದ್ದಕ್ಕೂ ಹೋಗುವ ಪೊಳ್ಳು ಪಟ್ಟಿ, ನೆಲ, ಚಕ್ರದ ಮೇಲಿನ ಕಮಾನು ಇವೆಲ್ಲ ಸೇರಿಯೇ ಅದರ ತೊಲೆ, ಜಂತಿ. ಅಲ್ಲಿ ತುಕ್ಕು ಹಿಡಿದರೆ ಮನೆಯ ಗೋಡೆಗೆ ಒರಲೆ ಹಿಡಿದ ಹಾಗೆ. ಹೊರಗಿನ ಬಣ್ಣ ಚಂದ ಕಂಡು ಪ್ರಯೋಜನ ಇಲ್ಲ.

ನಮ್ಮ ಕಾರಿನ ಪೊಳ್ಳು ಪಟ್ಟಿಗೆ ಸುತ್ತಿಗೆಯಿಂದ ತಟ್ಟಿದಾಗ ಟಣ್ ಟಣ್ ಸದ್ದು. ಎಡಬದಿಯ ಹಿಂದಿನ ಒಂದೂವರೆ ಅಡಿಯಲ್ಲಿ ಮಾತ್ರ ಬಡ್ಡು ಸದ್ದು ಬಂತು, ಸ್ಕ್ರೂಡ್ರೈವರ್ ಒಳಗೆ ಹೋಯಿತು. ಕಾಪುವಿನ ಕಾರು ಹೊರಗಿನಿಂದ ನಮ್ಮದಕ್ಕಿಂತ ಚಂದ ಇತ್ತು. ತಟ್ಟಿದರೆ ಎರಡೂ ಬದಿಯ ಪಟ್ಟಿಯೊಳಗಿಂದ ಹಪ್ಪಳದಂಥ ತುಕ್ಕು ಸೇರುಗಟ್ಟಲೆ ಉದುರಿತು. ಜಾಕಿ ಕೊಡುವ ಜಾಗವೇ ಉಳಿದಿರಲಿಲ್ಲ.

ವ್ಯತ್ಯಾಸ ಮಳೆಯಿಂದ ಬಂದದ್ದಲ್ಲ, ಮಳೆ ಎರಡೂ ಕಡೆ ಧಾರಾಳ. ಅತ್ತೆಯ ಮನೆ ಕಾಪುವಿನ ದೀಪಸ್ತಂಭ ಕಾಣುವಷ್ಟು ಹತ್ತಿರ. ಕಡಲಗಾಳಿಯ ಉಪ್ಪು ತಗಡಿನ ಸಂದಿಯಲ್ಲಿ ಕೂರುತ್ತದೆ. ಉಪ್ಪಿಗೆ ಗಾಳಿಯ ಪಸೆ ಹೀರುವ ಗುಣ ಇರುವುದರಿಂದ ಮಳೆಯಿಲ್ಲದ ತಿಂಗಳಲ್ಲೂ ಆ ಜಾಗ ಒದ್ದೆ. ಇದಕ್ಕಿಂತ ಕೆಟ್ಟದ್ದೆಂದರೆ, ಉಪ್ಪು ತುಕ್ಕಿನ ಪದರದೊಳಗೇ ಅಡಗಿ ಕೂರುತ್ತದೆ. ಮೇಲಿನಿಂದ ಎಮರಿ ಪೇಪರ್ ಉಜ್ಜಿ ಪೈಂಟು ಹೊಡೆದರೆ ಅಡಿಯಲ್ಲಿ ಅದರ ಕೆಲಸ ನಡೆಯುತ್ತಲೇ ಇರುತ್ತದೆ. ಕಡಲ ಬದಿಯವರು ತುಕ್ಕು ಉಜ್ಜಿದ ಮೇಲೆ ಸಿಹಿನೀರಿನಲ್ಲಿ ಎರಡು ಮೂರು ಸಲ ತೊಳೆದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಅದೇ ದಿನ ಪ್ರೈಮರ್ ಹೊಡೆಯಬೇಕು. ಮರುದಿನಕ್ಕೆ ಬಿಟ್ಟರೆ ಬೆಳಿಗ್ಗೆ ಕೆಂಪು ಹೊಡೆದಿರುತ್ತದೆ.

ಮೈಲುತುತ್ತದ ಡಿಕ್ಕಿ

ನಮ್ಮ ಕಾರಿನಲ್ಲಿ ಕಡಲ ಉಪ್ಪಿನ ಕಾಟ ಕಡಿಮೆ. ಆದರೆ ಡಿಕ್ಕಿಯ ನೆಲದಲ್ಲಿ ಜರಡಿಯ ಹಾಗೆ ತೂತು. ಬೇರೆಲ್ಲ ಗಟ್ಟಿ ಇದ್ದು ಡಿಕ್ಕಿ ಮಾತ್ರ ಹೀಗಾದದ್ದೇಕೆ?

ಅಡಿಕೆ ಬೆಳೆಗಾರರು ಊಹಿಸಬಹುದು. ಕೊಳೆರೋಗದ ಮದ್ದಿಗೆ ಮೈಲುತುತ್ತ ತರುತ್ತಿದ್ದದ್ದು ಅದರಲ್ಲೇ. ಬೋರ್ಡೋ ದ್ರಾವಣ ಸರಿಯಾಗಿದೆಯೋ ಎಂದು ನೋಡಲಿಕ್ಕೆ ನಾವು ಅದರಲ್ಲಿ ಚೂರಿ ಅದ್ದಿ ನೋಡುವ ಕ್ರಮ ಉಂಟಲ್ಲ. ಸುಣ್ಣ ಕಡಿಮೆಯಾಗಿದ್ದರೆ ಚೂರಿಗೆ ತಾಮ್ರದ ಬಣ್ಣ ಹಿಡಿಯುತ್ತದೆ. ಹಾಗೆ ತಾಮ್ರ ಅಂಟುವಾಗ ಅಷ್ಟೇ ಲೆಕ್ಕದ ಕಬ್ಬಿಣ ಕರಗಿ ಹೋಗಿರುತ್ತದೆ. ಚೀಲದಿಂದ ಉದುರಿದ ನಾಲ್ಕು ಹರಳು ಒದ್ದೆಯಾದರೆ ಡಿಕ್ಕಿಯ ತಗಡಿನ ಮೇಲೆ ನಡೆಯುವುದೂ ಇದೇ. ಮದ್ದು ಹೊಡೆಯುವುದು ಮಳೆಗಾಲದಲ್ಲಿ, ಹಾಗಾಗಿ ಪಸೆಗೆ ಬರಗಾಲ ಇಲ್ಲ.

ಪೊಟಾಷ್ ಗೊಬ್ಬರದ ಕತೆ ಇನ್ನೂ ಸಲೀಸು. ಮ್ಯೂರಿಯೇಟ್ ಆಫ್ ಪೊಟಾಷ್ ಎಂದರೆ ಪೊಟಾಷಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಖಾಸಾ ತಮ್ಮ. ಗೊಬ್ಬರ ಇಡುವ ಕೋಣೆಯಲ್ಲಿ ಕಾರು ನಿಲ್ಲಿಸಿದರೆ ಕಾಪುವಿನ ಕಡಲನ್ನೇ ಮನೆಗೆ ತಂದ ಹಾಗೆ. ದನದ ಹಟ್ಟಿಗೆ ತಾಗಿದ ಶೆಡ್ಡೂ ಒಳ್ಳೆಯದಲ್ಲ, ಗಂಜಳದ ಆವಿ ಮತ್ತು ಸದಾ ಇರುವ ತೇವ ಎರಡೂ ಲೋಹಕ್ಕೆ ಆಗುವುದಿಲ್ಲ. ಕಟ್ಟಿಗೆ ಇಡುವ ಕೊಟ್ಟಿಗೆ ಉತ್ತಮ. ಅಲ್ಲಿ ಗಾಳಿ ಆಡುತ್ತದೆ. ಟಾರ್ಪಾಲು ಮೈಗೆ ತಾಗುವಂತೆ ಹೊದೆಸಿ ಹಗ್ಗ ಬಿಗಿಯುವುದಂತೂ ಬೇಡವೇ ಬೇಡ. ಒಳಗೆ ಹೋದ ಪಸೆ ಹೊರಗೆ ಬರುವುದಿಲ್ಲ. ಟಾರ್ಪಾಲು ಇರುವುದೇ ಆದರೆ ಗೂಟ ನೆಟ್ಟು ಎರಡು ಅಡಿ ಮೇಲೆ ಚಪ್ಪರದ ಹಾಗೆ ಕಟ್ಟಿ.

ಯಾವುದನ್ನು ಉಳಿಸುವುದು?

ಎರಡೂ ಕಾರು ಉಳಿಸುವುದು ಸಾಧ್ಯ ಇರಲಿಲ್ಲ. ಪದ್ಮಿನಿಯ ಬಿಡಿಭಾಗ ಮೊದಲೆಲ್ಲ ಮುಂಬೈಯಿಂದ ಬರುತ್ತಿತ್ತು. ಅಲ್ಲಿ ಕಪ್ಪು ಹಳದಿ ಟ್ಯಾಕ್ಸಿಗಳೆಲ್ಲ ಇದೇ ಕಾರು ಆಗಿದ್ದ ಕಾಲ ಒಂದಿತ್ತು. 2023ರ ಅಕ್ಟೋಬರ್ ಕೊನೆಗೆ ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿಯೂ ಮುಗಿಯಿತು. ಈಗ ಕುರ್ಲಾದ ಹಳೆ ಸಾಮಾನಿನ ಅಂಗಡಿಗಳಲ್ಲಿ ಹುಡುಕಬೇಕು, ಇಲ್ಲವೇ ಇನ್ನೊಂದು ಕಾರಿನಿಂದ ಬಿಚ್ಚಬೇಕು.

ಆ "ಇನ್ನೊಂದು ಕಾರು" ಕಾಪುವಿನಲ್ಲೇ ಇತ್ತು. ಹೇಳುವುದು ಹೇಗೆ ಎಂಬುದೇ ಕಷ್ಟ. ಮಾವ ತೀರಿಹೋಗಿ ವರ್ಷಗಳಾದರೂ ಅತ್ತೆ ಆ ಕಾರಿನ ಗಾಜು ಒರೆಸುವುದು ಬಿಟ್ಟಿರಲಿಲ್ಲ.

"ಮಾವ ಬೊಂಬಾಯಿಂದ ಸ್ವಂತ ಓಡಿಸಿಕೊಂಡು ತಂದ ಕಾರು ಮಗಾ. ಗುಜರಿಯವನಿಗೆ ಕೊಡ್ಲಿಕ್ಕೆ ನನಗೆ ಮನಸ್ಸಿಲ್ಲ" ಎಂದರು.

"ಗುಜರಿಗೆ ಬೇಡ ಅತ್ತೆ. ಇದರ ಬಾಗಿಲು, ಗಾಜು, ಗೇರ್‌ಬಾಕ್ಸು ನಮ್ಮ ಕಾರಿಗೆ ಆಗ್ತದೆ. ಎರಡರಲ್ಲಿ ಒಂದಾದ್ರೂ ರಸ್ತೆಗೆ ಇಳೀತದೆ."

ಅತ್ತೆ ಆ ದಿನ ಉತ್ತರ ಹೇಳಲಿಲ್ಲ. ಹದಿನೈದು ದಿನ ಬಿಟ್ಟು ಫೋನು ಬಂತು. "ತೆಕ್ಕೊಂಡು ಹೋಗು. ಸ್ಟೇರಿಂಗ್ ಮಾತ್ರ ಮೂಲೆಗೆ ಹಾಕ್ಬೇಡ, ನಿಮ್ಮ ಕಾರಿಗೇ ಹಾಕು."

ಹೀಗೆ ಒಂದು ಕಾರನ್ನು ಬಿಚ್ಚುವುದಾದರೆ ಕಾಗದದ ಕೆಲಸ ಮೊದಲು ಮುಗಿಸಿ. ವಾಹನ ಇನ್ನು ಇಲ್ಲ ಎಂದು ಆರ್‌ಟಿಓಗೆ ತಿಳಿಸಿ ಆರ್‌ಸಿ ಒಪ್ಪಿಸಿ ನೋಂದಣಿ ರದ್ದು ಮಾಡಿಸಬೇಕು. ಹಳೆ ನಂಬರು ಜೀವಂತ ಇದ್ದು ಚಾಸಿಸ್ ನಂಬರಿನ ತುಂಡು ಬೇರೆಯವರ ಕೈಗೆ ಹೋದರೆ ಮುಂದೆ ತಲೆನೋವು ಮಾಲಿಕರಿಗೇ.

ಕಾರಿನಡಿಗೆ ಹೋಗುವ ಮುನ್ನ

ನಮ್ಮಲ್ಲಿ ಎಲ್ಲದಕ್ಕೂ ಕೆಂಪುಕಲ್ಲು ಕೈಗೆ ಸಿಗುತ್ತದೆ. ಕಾರಿನಡಿಗೆ ಮಾತ್ರ ಅದು ಕೂಡದು. ಒದ್ದೆಯಾದ ಮುರಕಲ್ಲು ಒಂದೇ ಮೂಲೆಗೆ ಭಾರ ಬಿದ್ದರೆ ಹೇಳದೆ ಕೇಳದೆ ಪುಡಿಯಾಗುತ್ತದೆ. ಸಿಮೆಂಟ್ ಬ್ಲಾಕೂ ಹಾಗೆಯೇ. ಗಟ್ಟಿ ಮರದ ಅಗಲದ ಕೊರಡು ಅಡ್ಡಡ್ಡ ಪೇರಿಸಿ, ಇಲ್ಲವೇ ಕಬ್ಬಿಣದ ಸ್ಟ್ಯಾಂಡು ಕೊಟ್ಟು, ಉಳಿದ ಚಕ್ರಗಳಿಗೆ ಎರಡೂ ಬದಿ ಅಡ್ಡ ಇಟ್ಟು, ಒಮ್ಮೆ ಕೈಯಿಂದ ಜೋರಾಗಿ ಅಲುಗಾಡಿಸಿ ನೋಡಿದ ಮೇಲೆಯೇ ಅಡಿಗೆ ಹೋಗಬೇಕು. ಬರೀ ಜಾಕಿಯನ್ನು ನಂಬಿ ಯಾವ ಕಾರಣಕ್ಕೂ ಹೋಗಬಾರದು. ಮಕ್ಕಳು ಆಡುವ ಅಂಗಳವಾದರೆ ಇನ್ನೂ ಜಾಗ್ರತೆ.

ಪೆಟ್ರೋಲ್ ಟ್ಯಾಂಕ್ ಮೊದಲೇ ಬಿಚ್ಚಿ ದೂರ ಇಡಿ. ಖಾಲಿ ಟ್ಯಾಂಕಿನಲ್ಲಿ ಆವಿ ತುಂಬಿರುತ್ತದೆ. ಬೆಂಕಿ ತಾಗಿದರೆ ತುಂಬಿದ ಟ್ಯಾಂಕಿಗಿಂತ ಖಾಲಿಯದ್ದೇ ಹೆಚ್ಚು ಅಪಾಯ.

ಸೋಡಾ ನೀರಲ್ಲಿ ತುಕ್ಕು ಬಿಡಿಸುವುದು

ಬಾಗಿಲಿನ ಕೀಲು, ಬ್ರಾಕೆಟು, ಬೋಲ್ಟು, ಬಂಪರಿನ ಕ್ಲಾಂಪು, ಇಂಥ ಸಣ್ಣ ಸಾಮಾನಿನ ತುಕ್ಕು ಬಿಡಿಸಲು ಉಜ್ಜಿ ಉಜ್ಜಿ ಕೈ ಸೋಲಬೇಕೆಂದಿಲ್ಲ. ವಿದ್ಯುತ್ತಿನಿಂದ ಮಾಡುವ ಒಂದು ಉಪಾಯ ಉಂಟು. ನನ್ನ ಲೆಕ್ಕದಲ್ಲಿ ಪ್ರತಿ ತೋಟದ ಮನೆಯವರೂ ಕಲಿಯಬೇಕಾದದ್ದು, ಕತ್ತಿ, ಹಾರೆ, ಪಂಪಿನ ಸಾಮಾನಿಗೂ ನಡೆಯುತ್ತದೆ.

ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು ತುಂಬಿ, ಲೀಟರಿಗೆ ಒಂದು ಟೀ ಚಮಚ ವಾಷಿಂಗ್ ಸೋಡಾ ಕರಗಿಸಿ. ತುಕ್ಕು ಹಿಡಿದ ಸಾಮಾನನ್ನು ತಂತಿಯಲ್ಲಿ ಕಟ್ಟಿ ನಡುವಿಗೆ ಇಳಿಬಿಡಿ. ಬದಿಯಲ್ಲಿ, ಇದಕ್ಕೆ ತಾಗದಂತೆ, ಬೇಡದ ಕಬ್ಬಿಣದ ಪಟ್ಟಿಯೊಂದನ್ನು ನಿಲ್ಲಿಸಿ. 12 ವೋಲ್ಟಿನ ಬ್ಯಾಟರಿ ಚಾರ್ಜರಿನ ನೆಗೆಟಿವ್ ತುದಿ ಸಾಮಾನಿಗೆ, ಪಾಸಿಟಿವ್ ತುದಿ ಬೇಡದ ಪಟ್ಟಿಗೆ. ಇದು ಅದಲು ಬದಲಾದರೆ ಒಳ್ಳೆಯ ಸಾಮಾನೇ ಕರಗುತ್ತದೆ. ಸ್ವಿಚ್ಚು ಹಾಕಿದ ಸ್ವಲ್ಪ ಹೊತ್ತಿಗೆ ಸಣ್ಣ ಗುಳ್ಳೆ ಏಳುತ್ತದೆ, ಒಂದು ರಾತ್ರಿಯಲ್ಲಿ ತುಕ್ಕು ಕಪ್ಪು ಕೆಸರಾಗಿ ಸಡಿಲವಾಗುತ್ತದೆ. ಬ್ರಶ್ಶಿನಿಂದ ತೊಳೆದು ಒಣಗಿಸಿ ಕೂಡಲೇ ಎಣ್ಣೆ ಅಥವಾ ಪ್ರೈಮರ್. ಒಳ್ಳೆ ಕಬ್ಬಿಣ ಒಂದು ಚೂರೂ ಸವೆಯುವುದಿಲ್ಲ.

ಕೆಲವು ಎಚ್ಚರಿಕೆ. ಏಳುವ ಗುಳ್ಳೆಯಲ್ಲಿ ಹೈಡ್ರೋಜನ್ ಇರುತ್ತದೆ, ಆದ್ದರಿಂದ ತೆರೆದ ಜಗಲಿಯಲ್ಲೇ ಮಾಡಿ, ಬೀಡಿ ಹಚ್ಚಬೇಡಿ. ಬೇಡದ ಪಟ್ಟಿಯಾಗಿ ಸ್ಟೀಲಿನ ಲೋಟ, ತಟ್ಟೆ ಬಳಸಕೂಡದು. ಅದರ ಕ್ರೋಮಿಯಂ ನೀರಿಗೆ ಇಳಿದು ವಿಷವಾಗುತ್ತದೆ. ಸತುವಿನ ಲೇಪದ ಜಿಐ ಪೈಪೂ ಬೇಡ. ಸ್ಪ್ರಿಂಗಿನಂಥ ಗಟ್ಟಿ ಉಕ್ಕನ್ನು ಹೀಗೆ ಮಾಡಬಾರದು, ಹೈಡ್ರೋಜನ್ ಹೀರಿ ಪೆಡಸಾಗಿ ಮುರಿಯುತ್ತದೆ. ಈಗಿನ ಆಟೋಮ್ಯಾಟಿಕ್ ಚಾರ್ಜರುಗಳು ಬ್ಯಾಟರಿ ಕಾಣದಿದ್ದರೆ ಕರೆಂಟೇ ಬಿಡುವುದಿಲ್ಲ. ಹಳೆ ಟ್ರಾನ್ಸ್‌ಫಾರ್ಮರಿನ ಭಾರದ ಚಾರ್ಜರು ಇದಕ್ಕೆ ಒಳ್ಳೆಯದು.

ಬಾಡಿಯ ತಗಡಿಗೆ ಈ ಉಪಾಯ ಆಗುವುದಿಲ್ಲ. ಅಲ್ಲಿ ವಯರ್ ಬ್ರಶ್ಶು, ಮತ್ತೆ ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್. ತೂತಾದ ಜಾಗಕ್ಕೆ ಪುಟ್ಟಿ ಮೆತ್ತುವುದು ನನಗೆ ಕಂಡರಾಗದ ಕೆಲಸ. ಪುಟ್ಟಿ ನೀರು ಹೀರುತ್ತದೆ. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಹೊಸ ತುಂಡು ಇಟ್ಟು ವೆಲ್ಡ್ ಮಾಡಬೇಕು. ಗೇಟು ಮಾಡುವವರ ಸಾಮಾನ್ಯ ಆರ್ಕ್ ವೆಲ್ಡಿಂಗು ತೆಳು ತಗಡನ್ನು ಸುಟ್ಟು ತೂತು ಮಾಡುತ್ತದೆ. ಗ್ಯಾರೇಜಿನವರು ಸಿಓಟು ವೆಲ್ಡಿಂಗ್ ಅನ್ನುವ ಮಿಗ್ ವೆಲ್ಡಿಂಗೇ ಬೇಕು. ನಾವು ಕಾರ್ಕಳದಿಂದ ಒಬ್ಬ ಟಿಂಕರಿನವರನ್ನು ಯಂತ್ರ ಸಮೇತ ಮನೆಗೇ ಕರೆಸಿ ಮೂರು ದಿನ ಕೆಲಸ ಮಾಡಿಸಿದೆವು. ಕತ್ತರಿಸುವ, ಉಜ್ಜುವ ಕೆಲಸ ನಮ್ಮದು, ವೆಲ್ಡಿಂಗ್ ಮಾತ್ರ ಅವರದ್ದು. ಒಟ್ಟು ಖರ್ಚಿನ ಅರ್ಧಕ್ಕಿಂತ ಹೆಚ್ಚು ಈ ತಗಡಿನ ಕೆಲಸಕ್ಕೇ ಹೋಗಿದೆ. ಅಲ್ಲಿ ಕೈ ಬಿಗಿ ಹಿಡಿಯಬಾರದು.

ಅವರು ಹೇಳಿಕೊಟ್ಟ ಒಂದು ಪಾಠ ಇಲ್ಲಿ ಹೇಳಲೇಬೇಕು. ಬಾಗಿಲಿನ ಕೆಳಗಿನ ಪೊಳ್ಳು ಪಟ್ಟಿ ಕತ್ತರಿಸುವ ಮೊದಲು ಬಾಗಿಲಿನ ಬಾಯಿಗೆ ಅಡ್ಡಲಾಗಿ ಒಂದು ಕಬ್ಬಿಣದ ಕೋಲು ಟ್ಯಾಕ್ ವೆಲ್ಡ್ ಮಾಡಿ ಬಿಗಿಯಬೇಕು. ಇಲ್ಲದಿದ್ದರೆ ನಡು ಜಗ್ಗಿ, ಮತ್ತೆ ಬಾಗಿಲು ಯಾವ ಕಾಲಕ್ಕೂ ಸರಿ ಕೂರುವುದಿಲ್ಲ. ಒಂದು ಬದಿ ಪೂರ್ತಿ ಮುಗಿಸಿಯೇ ಇನ್ನೊಂದು ಬದಿಗೆ ಕೈ ಹಾಕಬೇಕು.

ಹೊಸ ಪಟ್ಟಿಯ ಅಡಿಯಲ್ಲಿ, ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಇಳಿಯುವ ತೂತು ಇರಬೇಕು. ಕಂಪೆನಿಯವರೇ ಇಟ್ಟಿರುತ್ತಾರೆ. ಕೆಸರು, ಪೈಂಟು, ಅಂಡರ್‌ಕೋಟಿನ ಟಾರು ತುಂಬಿ ಅವು ಮುಚ್ಚಿಹೋಗುತ್ತವೆ. ಮೇ ತಿಂಗಳಲ್ಲಿ ಮನೆಯ ದಂಬೆ ಬಿಡಿಸುವ ದಿನವೇ ಒಂದು ಸೈಕಲ್ ಕಡ್ಡಿ ಹಿಡಿದು ಕಾರಿನ ಈ ತೂತುಗಳನ್ನೂ ಬಿಡಿಸಿದರೆ ಆಯಿತು. ಐದು ನಿಮಿಷದ ಕೆಲಸ. ಹಳೆ ಎಂಜಿನ್ ಆಯಿಲ್ ಅಡಿಗೆ ಬಳಿಯುವ ಅಭ್ಯಾಸ ಕೆಲವರಲ್ಲಿದೆ. ಅದು ರಬ್ಬರು ತಿನ್ನುತ್ತದೆ, ಮಳೆಗೆ ತೊಳೆದು ಬಾವಿಯ ಕಡೆ ಹರಿಯುತ್ತದೆ. ಮೇಣದ ಲೇಪನ ಅಂಗಡಿಯಲ್ಲಿ ಸಿಗುತ್ತದೆ, ಪೊಳ್ಳಿನೊಳಗೆ ಚಿಮ್ಮಿಸಬಹುದು.

ಮಳೆಗಾಲಕ್ಕೆ ಏನು, ಬಿಸಿಲಿಗೆ ಏನು

ಕಾರಿಗಾಗಿಯೇ ಸಮಯ ಬೇಕು ಎಂದು ಕೂತರೆ ಕೃಷಿಕರ ಮನೆಯಲ್ಲಿ ಅದು ಸಿಗುವುದಿಲ್ಲ. ಒಂದು ದಿನ ಪಂಪಿನ ಫುಟ್‌ವಾಲ್ವು, ಮರುದಿನ ಗ್ರೈಂಡರು, ಅದರ ಮರುದಿನ ಬಚ್ಚಲಿನ ನಳ್ಳಿ. ನಾವು ಮಾಡಿದ ಉಪಾಯ ಎಂದರೆ ಮನೆಯ ರಿಪೇರಿಯ ಜತೆಗೇ ಕಾರಿನದ್ದನ್ನೂ ಕಟ್ಟಿಹಾಕಿದ್ದು.

ಜೂನಿನಿಂದ ಸೆಪ್ಟೆಂಬರ್‌ವರೆಗೆ ಜಗಲಿಯ ಮೇಜಿನ ಮೇಲೆ ಆಗುವ ಕೆಲಸ ಮಾತ್ರ. ಕಾರ್ಬ್ಯುರೇಟರ್, ಡೈನಮೋ, ವೈಪರಿನ ಮೋಟಾರು, ಬಾಗಿಲಿನ ಲಾಕು. ಡೈನಮೋದ ಬೇರಿಂಗ್ "ಫಿಯೆಟ್ಟಿನದ್ದು" ಎಂದು ಕೇಳಿದರೆ ಅಂಗಡಿಯವರು ತಲೆ ಅಲ್ಲಾಡಿಸ್ತಾರೆ. ಬೇರಿಂಗಿನ ಅಂಚಿನಲ್ಲಿ ಕೊರೆದ ನಂಬರು ಓದಿ. 6202 ಎಂದರೆ ಜಗತ್ತಿನಲ್ಲೆಲ್ಲ ಒಂದೇ: ಒಳಗೆ 15, ಹೊರಗೆ 35, ದಪ್ಪ 11 ಮಿ.ಮೀ. 6203 ಎಂದರೆ 17, 40, 12. ಅದೇ ಬೇರಿಂಗ್ ಮನೆಯ ಸಣ್ಣ ಮೋಟಾರಿನಲ್ಲೂ ಇರುತ್ತದೆ. ಆಯಿಲ್ ಸೀಲಿನ ಮೇಲೂ ಅಳತೆ ಬರೆದಿರುತ್ತದೆ. ಫಿಯೆಟ್ ಇಟಲಿಯದ್ದಾದ ಕಾರಣ ನಟ್ಟು ಬೋಲ್ಟು ಮಿಲಿಮೀಟರಿನವು, ಪಂಪಿಗೆ ತಂದ 10, 13, 17ರ ಸ್ಪ್ಯಾನರ್ ಇದಕ್ಕೂ ಆಗುತ್ತದೆ. ಬ್ರಿಟಿಷ್ ಮೂಲದ ಅಂಬಾಸಿಡರ್, ಅಮೆರಿಕ ಮೂಲದ ಹಳೆ ಜೀಪು ಇಂಚಿನ ಲೆಕ್ಕದವು. ಅವಕ್ಕೆ ಮಿಲಿಮೀಟರಿನ ಸ್ಪ್ಯಾನರ್ ಹಾಕಿ ತಿರುಗಿಸಿದರೆ ನಟ್ಟಿನ ಮೂಲೆ ಸವೆಯುತ್ತದೆ.

ಎಂಜಿನ್ನಿಗೂ ಮಳೆಗಾಲವೇ ಒಳ್ಳೆಯದು, ಯಾಕೆಂದರೆ ಅವಸರ ಇರುವುದಿಲ್ಲ. ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ನೇರ ಸೆಲ್ಫ್ ಹೊಡೆಯಬಾರದು. ಸ್ಪಾರ್ಕ್ ಪ್ಲಗ್ ನಾಲ್ಕೂ ಬಿಚ್ಚಿ, ಒಂದೊಂದು ಸಿಲಿಂಡರಿಗೆ ಎರಡು ಚಮಚ ಎಣ್ಣೆ ಬಿಟ್ಟು ಒಂದು ವಾರ ಸುಮ್ಮನಿರಿ. ಆಮೇಲೆ ಟಾಪ್ ಗೇರಿಗೆ ಹಾಕಿ ಕಾರನ್ನು ಹಿಂದೆ ಮುಂದೆ ಮೆಲ್ಲನೆ ದೂಡಿ. ತಿರುಗಿದರೆ ಸರಿ, ತಿರುಗದಿದ್ದರೆ ಮತ್ತೊಂದು ವಾರ.

ವಯರಿಂಗಿನಲ್ಲಿ ನಮಗೆ ಎರಡು ಶತ್ರು, ಇಲಿ ಮತ್ತು ಕ್ಲಾವು. ಇಲಿ ತಿಂದದ್ದು ಕಾಣುತ್ತದೆ. ಕ್ಲಾವು ಕಾಣುವುದಿಲ್ಲ. ಲೈಟು ಮಂದ ಉರಿದರೆ, ಇಂಡಿಕೇಟರ್ ಹಾಕಿದಾಗ ಬ್ರೇಕ್ ಲೈಟು ಮಿಣುಕಿದರೆ ಬಲ್ಬು ಬದಲಿಸುವ ಮುನ್ನ ಅರ್ತಿನ ವಯರು ಬಾಡಿಗೆ ಸೇರುವ ಬೋಲ್ಟು ಬಿಚ್ಚಿ ಉಜ್ಜಿ ಬಿಗಿಯಿರಿ.

ಅಕ್ಟೋಬರಿನಲ್ಲಿ ಬಿಸಿಲು ಬಂದ ಮೇಲೆ ಅಡಿಯ ತೊಳೆತ, ಒಣಗಿಸುವುದು. ಅಡಿಕೆ ಕೊಯ್ಲಿನ ನಡುವೆ ಬಿಡುವು ಸಿಕ್ಕ ಹಾಗೆ ತಗಡು. ಪೈಂಟು ಮಾತ್ರ ಡಿಸೆಂಬರಿನಿಂದ ಫೆಬ್ರವರಿಯೊಳಗೆ, ಬೆಳಗಿನ ಇಬ್ಬನಿ ಆರಿದ ಮೇಲೆ. ಗಾಳಿಯಲ್ಲಿ ಪಸೆ ಇರುವಾಗ ಬೇಗ ಒಣಗುವ ಎನ್‌ಸಿ ಪೈಂಟು ಹೊಡೆದರೆ ಹೊಳಪು ಹೋಗಿ ಬೂದಿ ಬಳಿದ ಹಾಗೆ ಬಿಳುಪಾಗುತ್ತದೆ. ನಮಗೆ ಈ ಲೆಕ್ಕದಲ್ಲಿ ಎರಡು ವರ್ಷ ಹಿಡಿಯಿತು. ಮನೆಯವರು ಕಾರಿನ ಹೆಸರಲ್ಲಿ ಬೈದದ್ದು ಕಡಿಮೆ. ಗ್ರೈಂಡರಿನ ಬೇರಿಂಗು ಅದೇ ದಿನ ಬದಲಾಗಿತ್ತಲ್ಲ!

ಓಡುವ ಮುಂಚೆ ನಿಲ್ಲಬೇಕು

ಬ್ರೇಕು ಸರಿಯಾಗದೆ ಅಂಗಳದಿಂದಾಚೆ ಹೊರಡಬೇಡಿ. ಬ್ರೇಕ್ ಫ್ಲುಯಿಡ್‌ಗೆ ಗಾಳಿಯ ತೇವ ಹೀರುವ ಗುಣ ಉಂಟು. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಆ ನೀರು ಚಕ್ರದ ಸಿಲಿಂಡರಿನೊಳಗೆ ಸಣ್ಣ ಸಣ್ಣ ಗುಳಿ ಕೊರೆದಿರುತ್ತದೆ. ಬೆರಳಿಗೆ ಗುಳಿ ಸಿಕ್ಕರೆ ಸಿಲಿಂಡರೇ ಬದಲು, ಹೊಸ ರಬ್ಬರು ಹಾಕಿ ಪ್ರಯೋಜನ ಇಲ್ಲ. ಹಳೆ ಮಾದರಿಗಳಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಪೈಪಿನ ಸಂಪರ್ಕ. ಒಂದು ಕಡೆ ಸೋರಿದರೆ ನಾಲ್ಕೂ ಹೋಯಿತು. ರಬ್ಬರಿನ ಕಪ್ಪುಗಳನ್ನು ಪೆಟ್ರೋಲು, ಡೀಸೆಲಿನಲ್ಲಿ ತೊಳೆಯಬಾರದು, ಉಬ್ಬುತ್ತವೆ. ಬ್ರೇಕ್ ಫ್ಲುಯಿಡ್‌ನಲ್ಲೇ ತೊಳೆಯಿರಿ. ಡ್ರಮ್ಮಿನೊಳಗಿನ ಧೂಳನ್ನು ಬಾಯಿಯಿಂದ ಊದಬೇಡಿ. ಹಳೆ ಲೈನರಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆಯನ್ನೂ ಹೂಳಿಬಿಡಿ.

ಲೈನರಿನ ವಿಷಯ ಬಂದಾಗ ಒಂದು ಮಾತು. ನಮ್ಮ ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆಯನ್ನು ಗಟ್ಟಿ ಮಾಡಿ ಅರೆದ ಪುಡಿ ಬ್ರೇಕ್ ಲೈನರಿಗೆ ಸೇರುವ ಕಚ್ಚಾ ವಸ್ತುಗಳಲ್ಲಿ ಒಂದು. ಹಿಂದಿನ ಪಟ್ಟಿ ಸ್ಪ್ರಿಂಗಿಗೂ ಕರಾವಳಿಯ ನಂಟು ಉಂಟು. ಸಿಂಡಿಕೇಟ್ ಬ್ಯಾಂಕನ್ನು 1925ರಲ್ಲಿ ಉಡುಪಿಯಲ್ಲಿ ಕಟ್ಟಿದ ಮೂವರಲ್ಲಿ ಒಬ್ಬರಾದ ವಾಮನ ಕುಡ್ವರು 1940ರ ದಶಕದಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಕೆನರಾ ವರ್ಕ್‌ಶಾಪ್ಸ್ ಹೆಸರು ಮಾಡಿದ್ದು ವಾಹನದ ಸ್ಪ್ರಿಂಗಿನಿಂದಲೇ.

ಪೆಟ್ರೋಲಿನದ್ದು ಈಗಿನ ಕಾಲದ ಹೊಸ ತೊಂದರೆ. 2025ರಿಂದ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಶೇ. 20 ಎಥೆನಾಲ್ ಬೆರೆಸಿದ್ದು. ಪದ್ಮಿನಿಯ ಕಾಲದ ರಬ್ಬರು ಪೈಪು, ಪಂಪಿನ ಪೊರೆ ಇದಕ್ಕಾಗಿ ಮಾಡಿದ್ದಲ್ಲ. ಮೆತ್ತಗಾಗಿ ಸೋರುತ್ತವೆ, ಅದೂ ಬಿಸಿ ಎಂಜಿನ್ನಿನ ಮೇಲೆ. ಎಥೆನಾಲಿಗೆ ತಾಳುವ ಪೈಪು ಕೇಳಿ ತಂದು ಎಲ್ಲವನ್ನೂ ಬದಲಿಸಿ. ಎಥೆನಾಲು ಟ್ಯಾಂಕಿನ ಹಳೆ ಕೊಳೆಯನ್ನು ಕರಗಿಸಿ ತರುವುದರಿಂದ ಮೊದಲ ಕೆಲವು ತಿಂಗಳು ಫಿಲ್ಟರ್ ಆಗಾಗ ನೋಡಬೇಕು. ನೀರು ಹೀರಿ ಅಡಿಯಲ್ಲಿ ಬೇರೆಯಾಗುವ ಗುಣವೂ ಇರುವುದರಿಂದ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಓಡಿಸದಿದ್ದರೆ ಪೆಟ್ರೋಲು ಇಳಿಸಿಬಿಡುವುದೇ ಲೇಸು.

ಆರ್‌ಟಿಓ ಲೆಕ್ಕ

"ಹದಿನೈದು ವರ್ಷ ಕಳೆದದ್ದು ಗುಜರಿಗೇ ಅಂತೆ" ಎಂದು ಹೇಳುವವರು ಬಹಳ. ಅದು ದಿಲ್ಲಿಯ ಸುದ್ದಿ ಕೇಳಿ ಆದ ಗೊಂದಲ. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ ಮೊದಲು 15 ವರ್ಷಕ್ಕೆ, ಆಮೇಲೆ ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಣ. ಖರ್ಚು ಮಾತ್ರ ಏರಿದೆ. ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂ. ಆಗಿತ್ತು. 20 ವರ್ಷ ಮೀರಿದ ಕಾರಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000 ರೂ. ಮಾಡಿದ್ದಾರೆ. ಅವಧಿ ಮುಗಿದ ಮೇಲೆ ಹೋದರೆ ತಿಂಗಳ ಲೆಕ್ಕದಲ್ಲಿ ದಂಡ, ಜತೆಗೆ ಹಸಿರು ತೆರಿಗೆ, ವಿಮೆ. ಸಾಮಾನು ತರುವ ಮೊದಲೇ ಈ ಮೊತ್ತ ಒಂದು ಚೀಟಿಯಲ್ಲಿ ಬರೆದಿಡುವುದು ಒಳ್ಳೆಯದು.

50 ವರ್ಷ ದಾಟಿದ, ಮೂಲ ರೂಪ ಕೆಡಿಸದ ಗಾಡಿಗೆ 2021ರಿಂದ ವಿಂಟೇಜ್ ನೋಂದಣಿಯೂ ಉಂಟು, ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ. ಆದರೆ ಅದನ್ನು ದಿನನಿತ್ಯ ಓಡಿಸುವ ಹಾಗಿಲ್ಲ. ಪೇಟೆಗೆ ತೆಂಗಿನಕಾಯಿ ಕೊಂಡೊಯ್ಯುವವರಿಗೆ ಸಾಮಾನ್ಯ ನವೀಕರಣವೇ ಸರಿ. ಮೂಲ ರೂಪ ಹೇಗಿತ್ತು, ಯಾವ ಪಟ್ಟಿ, ಯಾವ ಬಿಲ್ಲೆ ಎಲ್ಲಿತ್ತು ಎಂಬ ಸಂಶಯ ಇದ್ದರೆ ಧರ್ಮಸ್ಥಳದ ಕಾರ್ ಮ್ಯೂಸಿಯಂ ಒಮ್ಮೆ ನೋಡಿ ಬನ್ನಿ. ಹಳೆ ಕಾರುಗಳನ್ನು ಒಣ ಜಾಗದಲ್ಲಿ, ಗಾಳಿಯಾಡುವಂತೆ ಹೇಗೆ ಇಟ್ಟಿದ್ದಾರೆ ಎಂಬುದನ್ನೂ ಗಮನಿಸಿ.

ನಮ್ಮ ಕಾರು ತಪಾಸಣೆ ದಾಟಿ ಈಗ ವಾರಕ್ಕೆ ಎರಡು ಸಲ ಓಡುತ್ತಿದೆ, ಅತ್ತೆ ಹೇಳಿದ ಸ್ಟೇರಿಂಗ್ ಸಮೇತ. ಉಳಿದಿರುವ ಕೊರತೆ ಒಂದು: ಮುಂದಿನ ಗಾಜಿನ ಸುತ್ತಲಿನ ರಬ್ಬರು. ಕಾಪುವಿನ ಕಾರಿನದ್ದು ಬಿಸಿಲಿಗೆ ಬಿರುಕು ಬಿಟ್ಟಿತ್ತು, ನಮ್ಮದು ಅದಕ್ಕಿಂತ ಕಡೆ. ಸದ್ಯ ಅಂಟು ಹಾಕಿ ನೀರು ತಡೆದಿದ್ದೇವೆ, ಜೋರು ಮಳೆಗೆ ಬಲ ಮೂಲೆಯಲ್ಲಿ ಒಂದೆರಡು ತೊಟ್ಟು ಇಳಿಯುತ್ತದೆ. ಯಾರಲ್ಲಾದರೂ ಬಳಸದ ರಬ್ಬರು ಇದ್ದರೆ, ಅಥವಾ ಅಚ್ಚು ಮಾಡಿ ಹೊಸತು ಎರೆದುಕೊಡುವವರು ಗೊತ್ತಿದ್ದರೆ ಪತ್ರಿಕೆಗೆ ಬರೆದು ತಿಳಿಸಿ.